ಹಿಂದಿನ ಜೇಬಿನ ಕಾಯಿದೆ

ಟೂಲ್ ಕ್ರೀಕ್ ಹೈಸ್ಕೂಲಿನ ಬೇಸ್‌ಬಾಲ್ ಕೋಚ್ ಲ್ಯೂಮಿರ್ ಕುಬಿಚೆಕ್ ಓದುವ ಮನುಷ್ಯನಲ್ಲ, ಓದಿದವನಂತೆ ತಲೆದೂಗುವ ಮನುಷ್ಯ. ಈ ಎರಡಕ್ಕೂ ಇರುವ ವ್ಯತ್ಯಾಸ ನೆಬ್ರಾಸ್ಕಾದ ಆ ಮೂಲೆಯಲ್ಲಿ ಇಪ್ಪತ್ತೆರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಗುವ ಸಂದರ್ಭವೇ ಬರಲಿಲ್ಲ ಅನ್ನಿ. ಬೆಳಿಗ್ಗೆ ಆತ ಹುಡುಗರಿಗೆ ಕಾರು ಓಡಿಸುವುದನ್ನು ಕಲಿಸುತ್ತಿದ್ದ. ಅದಕ್ಕೆ ಪುಸ್ತಕ ಬೇಡ, ತನ್ನ ಕಾಲಡಿಯೂ ಒಂದು ಬ್ರೇಕ್ ಇದ್ದರೆ ಸಾಕು. ಮಧ್ಯಾಹ್ನದ ಮೇಲೆ ಬೇಸ್‌ಬಾಲ್ ಕಲಿಸುತ್ತಿದ್ದ. ಅದಕ್ಕೆ ಇಪ್ಪತ್ತೆರಡು ವರ್ಷವೂ ಎರಡೇ ಶಬ್ದ ಸಾಕಾಗಿದ್ದವು: "ಬೇಲಿ ದಾಟಿಸ್ರೋ!"

ಹುಡುಗರು ದಾಟಿಸುತ್ತಿದ್ದರು. ಆಗಿನ ಲೋಹದ ಬ್ಯಾಟುಗಳೇ ಅಂಥವು. ಚೆಂಡು ತಾಗಿದರೆ ಸಾಕು, ಸ್ಪ್ರಿಂಗ್ ಮಂಚದ ಮೇಲೆ ಕುಣಿಯುವ ಮಗುವಿನಂತೆ ಪುಟಿದು ಹೋಗುತ್ತಿತ್ತು. ಎಡಗಡೆ ಬೇಲಿಯ ಆಚೆ ಮಿಸೆಸ್ ಅಗ್ನೆಸ್ ವೊಂಡ್ರಾಳ ಮನೆ. ಆಕೆ ಮೂವತ್ತೈದು ವರ್ಷ ಊರಿನ ಮೂರನೇ ಕ್ಲಾಸಿಗೆ ಪಾಠ ಹೇಳಿ ನಿವೃತ್ತಳಾದವಳು. ಪ್ರತಿ ಮಾರ್ಚ್ ತಿಂಗಳಲ್ಲಿ ಅಡುಗೆಮನೆ ಕಿಟಕಿಗೆ ಹಲಗೆ ಹೊಡೆಸಿ, ಮೇ ಮುಗಿಯುವ ತನಕ ಹಾಡಹಗಲಲ್ಲೇ ದೀಪ ಹಾಕಿಕೊಂಡು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದಳು. ಚೆಂಡು ಬೇಲಿ ದಾಟಿ ಹೋಮ್ ರನ್ ಆದಾಗೆಲ್ಲ ಅಗ್ನಿಶಾಮಕ ದಳದ ಆರ್ಲನ್ ಬಾರ್ಟಾ ಊರಿನ ಸೈರನ್ ಒತ್ತುತ್ತಿದ್ದ. ಸುಂಟರಗಾಳಿ ಬಂದರೂ ಅದೇ ಸೈರನ್. ಜನ ಒಮ್ಮೆ ಆಕಾಶ ನೋಡಿ, ಒಮ್ಮೆ ಮೈದಾನ ನೋಡಿ, ನೆಲಮಾಳಿಗೆಗೆ ಓಡುವುದೋ ಚಪ್ಪಾಳೆ ತಟ್ಟುವುದೋ ಅಂತ ತೀರ್ಮಾನಿಸುತ್ತಿದ್ದರು. ಇಪ್ಪತ್ತೆರಡು ವರ್ಷ ಹೀಗೆ ಸುಖವಾಗಿ ನಡೆದಿತ್ತು.

ಆಮೇಲೆ ಬಂತು ಹೊಸ ಬ್ಯಾಟಿನ ಕಾಯಿದೆ.

ಅದು ಬಂದದ್ದು ನವೆಂಬರಿನ ಒಂದು ಗುರುವಾರ. ರಾಜ್ಯದ ಕ್ರೀಡಾ ಸಂಘದವರು ಕಳಿಸಿದ್ದನ್ನು ಸ್ಕೂಲ್ ಆಫೀಸಿನವರು ಹಳದಿ ಕಾಗದದಲ್ಲಿ ಅಚ್ಚು ಹಾಕಿ ಕೋಚ್ ಕೈಗೆ ಕೊಟ್ಟರು. ಆ ವರ್ಷ ಯಾರೋ ಬಿಳಿ ಕಾಗದದ ಬದಲು ಹಳದಿ ಕಾಗದ ತರಿಸಿಬಿಟ್ಟಿದ್ದರು, ಸ್ಕೂಲಿನಲ್ಲಿ ಎಲ್ಲವೂ ಹಳದಿ. ಕೋಚ್ ಅದನ್ನು ಮೂರು ಮಡಿಕೆ ಮಾಡಿಕೊಂಡು ನೆಲಮಾಳಿಗೆಯ ಊಟದ ಹಾಲಿಗೆ ಇಳಿದು ಅಡುಗೆಕಟ್ಟೆ ಮೇಲಿಟ್ಟ. ಅಲ್ಲಿನ ಅಡುಗೆ ಮುಖ್ಯಸ್ಥೆ ಅವನ ಹೆಂಡತಿ ಡೊಲೊರಿಸ್. ಗುರುವಾರ ಚಿಲ್ಲಿ, ಜೊತೆಗೆ ದಾಲ್ಚಿನ್ನಿ ರೋಲ್. ಖಾರದ ಮಾಂಸದ ಸಾರಿಗೆ ಸಿಹಿ ರೋಲ್ ಅದ್ದಿ ತಿನ್ನುವಾಗ ಯಾವ ನೆಬ್ರಾಸ್ಕಾದವನ ಬುದ್ಧಿಯೂ ಕಾಗದದ ಮೇಲೆ ನಿಲ್ಲುವುದಿಲ್ಲ. ಎರಡು ರೋಲ್ ಮುಗಿಸಿ, ಕಟ್ಟೆ ಮೇಲಿದ್ದ ಕಾಗದ ಎತ್ತಿ ಪ್ಯಾಂಟಿನ ಹಿಂದಿನ ಜೇಬಿಗೆ ತುರುಕಿಕೊಂಡು ಎದ್ದ.

ಅರ್ಧ ಮೆಟ್ಟಿಲು ಹತ್ತಿರಬೇಕು, ಡೊಲೊರಿಸ್ ಕೂಗಿದಳು. "ಲ್ಯೂಮಿರ್, ನಿನ್ನ ಕಾಗದ ಇಲ್ಲೇ ಬಿಟ್ಟೋಗ್ತಿದೀಯಲ್ಲೋ!"

"ಜೇಬಲ್ಲಿದೆ ಕಣೇ," ಅಂತ ಹಿಂದಿನ ಜೇಬು ತಟ್ಟಿ ತೋರಿಸಿದ.

"ನಂದು ಕಾಣಿಸ್ತಿಲ್ವಲ್ಲ ಮತ್ತೆ?"

"ನಿಂದು ನಂಗೇನು ಗೊತ್ತು?"

ಹೆಂಡತಿ ಮಾತಿಗೆ ಮೆಟ್ಟಿಲ ಮೇಲಿಂದ ವಾಪಸ್ಸು ಇಳಿಯುವ ಗಂಡಸು ಟೂಲ್ ಕ್ರೀಕಿನಲ್ಲಿ ಇನ್ನೂ ಹುಟ್ಟಿಲ್ಲ. ಡೊಲೊರಿಸ್ ಕೈಯೊರೆಸಿಕೊಂಡು, ಕಟ್ಟೆ ಮೇಲೆ ಉಳಿದ ಕಾಗದವನ್ನು ನಿಂತಲ್ಲೇ ಎರಡೂ ಕಡೆ ಓದಿದಳು. ಓದಿ, ಮುಂದಿನ ವಾರದ ಊಟದ ಪಟ್ಟಿ ನೇತುಹಾಕಬೇಕಿದ್ದ ಮೊಳೆಗೆ ಅದನ್ನೇ ಚುಚ್ಚಿದಳು. ಮನೆಯಲ್ಲೂ ಮೂರು ಸಲ ಹೇಳಿದಳು. ಮೂರು ಸಲವೂ ಅವನು ಜೇಬು ತಟ್ಟಿದ. ನಾಲ್ಕನೆಯ ಸಲ ಅವಳು ಹೇಳಲಿಲ್ಲ.

ಫೆಬ್ರವರಿಯಲ್ಲಿ ಅಗ್ನಿಶಾಮಕ ದಳದ ಕಟ್ಟಡದಲ್ಲಿ ವರ್ಷದ ಪ್ಯಾನ್‌ಕೇಕ್ ತಿಂಡಿ. ಊರಿಗೆ ಊರೇ ಕೂತಿತ್ತು. ಸಟ್ಟುಗ ಹಿಡಿದು ನಿಂತಿದ್ದ ಬಾರ್ಟಾ ಎಲ್ಲರಿಗೂ ಕೇಳುವ ಹಾಗೆ ಕೇಳಿದ, "ಅಲ್ಲಯ್ಯಾ ಲ್ಯೂಮಿರ್, ಅದೇನೋ ಹೊಸ ಬ್ಯಾಟಿನ ಕಾಯಿದೆ ಬಂದಿದೆಯಂತೆ. ಓದಿದೀಯಾ?"

"ಇಲ್ಲ" ಅಂದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಿಸಿ ಪ್ಯಾನ್‌ಕೇಕ್ ಬಾಯಲ್ಲಿದ್ದಾಗ 'ಇಲ್ಲ' ಅನ್ನುವುದೂ 'ಹೂಂ' ಅನ್ನುವುದೂ ಒಂದೇ ಶ್ರಮ. ಆದರೆ ಕೋಚ್ ನುಂಗಿದ, ಬಾಯೊರೆಸಿಕೊಂಡ, ಎದ್ದು ನಿಂತ.

"ಓದೋದಾ? ಅರೆದು ಕುಡಿದಿದೀನಿ ಮಾರಾಯ," ಅಂತ ಹಿಂದಿನ ಜೇಬು ತಟ್ಟಿದ. "ಎಲ್ಲಾ ಇದರಲ್ಲೇ ಇದೆ. ಕೇಳ್ಕೊಳ್ಳಿ ಎಲ್ರೂ. ಹೊಸ ಬ್ಯಾಟು ಅಂದ್ರೆ ಸತ್ತ ಬ್ಯಾಟು. ಚೆಂಡು ಹಾರಲ್ಲ. ಹೋಮ್ ರನ್ ಕಾಲ ಮುಗೀತು. ಇನ್ಮೇಲೆ ಬೇಸ್‌ಬಾಲ್ ಅಂದ್ರೆ ಚದುರಂಗ!"

ಇದಿಷ್ಟೂ ಅವನು ಪಿಕಪ್ ಗಾಡಿಯ ರೇಡಿಯೋದಲ್ಲಿ, ಹಂದಿ ಮಾರುಕಟ್ಟೆ ಧಾರಣೆ ಹೇಳುವುದಕ್ಕೆ ಮುಂಚೆ, ಅರ್ಧ ನಿಮಿಷ ಕೇಳಿದ್ದು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಅರ್ಧ ನಿಮಿಷದಷ್ಟು ನಿಜ ಇತ್ತು.

"ಹಂಗಾದ್ರೆ ಏನ್ಮಾಡ್ತೀಯಾ?"

"ಬಂಟ್!" ಅಂದ ಕೋಚ್. ಬೀಸಿ ಹೊಡೆಯದೆ, ಬ್ಯಾಟನ್ನು ಅಡ್ಡ ಹಿಡಿದು ಚೆಂಡನ್ನು ಕಾಲ ಬಳಿ ಮೆಲ್ಲಗೆ ಬೀಳಿಸಿ ಓಡುವುದಕ್ಕೆ ಬಂಟ್ ಅನ್ನುತ್ತಾರೆ. "ಒಂಬತ್ತು ಜನಾನೂ, ಪ್ರತಿ ಚೆಂಡೂ, ಬಂಟ್. ಎದುರಾಳಿಗಳು ಬಗ್ಗಿ ಬಗ್ಗಿ ಸೊಂಟ ಮುರ್ಕೋಬೇಕು."

ಜನ ಚಪ್ಪಾಳೆ ತಟ್ಟಿದರು. ಬಾರ್ಟಾ ಮಾತ್ರ ಸಪ್ಪಗಾದ. "ಹಂಗಾದ್ರೆ ನನ್ ಸೈರನ್ನು?"

"ತುಕ್ಕು ಹಿಡೀಲಿ ಬಿಡು," ಅಂದ ಕೋಚ್, ದೊಡ್ಡ ಮನಸ್ಸು ಮಾಡಿ.

ಆ ದೊಡ್ಡ ಮನಸ್ಸು ಮಿಸೆಸ್ ವೊಂಡ್ರಾಳ ಬಾಗಿಲವರೆಗೂ ಹೋಯಿತು. ಮಾರ್ಚಿನಲ್ಲಿ ಆಕೆ ಹಲಗೆ ಹೊಡೆಯುವವನನ್ನು ಕರೆಸಿ ಏಣಿ ಹಾಕಿಸುತ್ತಿದ್ದಾಗ ಕೋಚ್ ಬೇಲಿಯ ಮೇಲಿಂದ ಕೈ ಎತ್ತಿ ತಡೆದ.

"ಹಲಗೆ ಬೇಡ ಮಿಸೆಸ್ ವೊಂಡ್ರಾ. ಈ ವರ್ಷ ಒಂದು ಚೆಂಡೂ ಬರಲ್ಲ. ಕಾಯಿದೆ ಬಂದಿದೆ."

ಮುದುಕಿ ಕನ್ನಡಕ ಏರಿಸಿ ನೋಡಿದಳು. "ಓದಿದೀಯೇನೋ ಲ್ಯೂಮಿರ್? ಮೂರನೇ ಕ್ಲಾಸಲ್ಲಿ ಮೊಲದ ಪುಸ್ತಕ ಓದಿದೀನಿ ಅಂತ ಎದ್ದು ನಿಂತು ಕರಡಿ ಕಥೆ ಹೇಳಿದ್ದೆ ನೀನು."

"ಅದು ಆವಾಗ, ಮಿಸ್."

"ಬರೆದುಕೊಡು."

ಬರೆದುಕೊಟ್ಟ. ಸ್ಕೂಲಿನ ಹೆಸರಿದ್ದ ಹಳದಿ ಕಾಗದದಲ್ಲಿ, ಸಹಿ ಹಾಕಿ: 'ಹೊಸ ಕಾಯಿದೆಯ ಪ್ರಕಾರ ಯಾವ ಕಾನೂನುಬದ್ಧ ಬ್ಯಾಟಿನಿಂದಲೂ ಚೆಂಡು ನಿಮ್ಮ ಮನೆ ತಲುಪಲು ಸಾಧ್ಯವಿಲ್ಲ ಎಂದು ಈ ಮೂಲಕ ದೃಢೀಕರಿಸಲಾಗಿದೆ.' ಆಕೆ ಎರಡು ಕಾಗುಣಿತ ತಿದ್ದಿ, ಮತ್ತೊಮ್ಮೆ ಬರೆಸಿಕೊಂಡು, ಬೈಬಲ್ಲಿನಲ್ಲಿಟ್ಟಳು. ಕಿಟಕಿಗೆ ಹೊಸ ಗಾಜು ಹಾಕಿಸಿ ಜೆರೇನಿಯಂ ಹೂವಿನ ಕುಂಡಗಳನ್ನು ಸಾಲಾಗಿ ಜೋಡಿಸಿದಳು.

ಚದುರಂಗ ಶುರುವಾಯಿತು. ಮೊದಲ ಪಂದ್ಯದ ಮೊದಲ ಎರಡು ಬಂಟ್ ಫಲಿಸಿದವು. ಮೂರನೆಯದರ ಹೊತ್ತಿಗೆ ಎದುರಾಳಿಗಳಿಗೆ ಅರ್ಥವಾಯಿತು. ನಾಲ್ಕನೆಯದರ ಹೊತ್ತಿಗೆ ಅವರು ದೂರ ನಿಲ್ಲುವುದನ್ನೇ ಬಿಟ್ಟರು. ಏಪ್ರಿಲಿನಲ್ಲಿ ಬೇರೆ ಊರಿನ ಹುಡುಗರು ಟೂಲ್ ಕ್ರೀಕಿನ ಬ್ಯಾಟ್ಸ್‌ಮನ್ನನ ಎದುರು ಎಷ್ಟು ಹತ್ತಿರ ಬಂದು ನಿಲ್ಲುತ್ತಿದ್ದರೆಂದರೆ, ಮನಸ್ಸು ಮಾಡಿದ್ದರೆ ಅವನ ಬೂಟಿನ ಲೇಸ್ ಕಟ್ಟಬಹುದಿತ್ತು. ಸೋಲು ಐದಾಯಿತು, ಒಂಬತ್ತಾಯಿತು, ಹದಿನೈದಾಯಿತು. ಗೆಲುವು ಸೊನ್ನೆ.

"ಕೋಚ್, ಒಂದೇ ಒಂದು ಸಲ ಬೀಸ್ಲಾ?" ಅಂತ ಡ್ವೇನ್ ಮ್ರಾಝ್ ಪ್ರತಿ ಪಂದ್ಯದಲ್ಲೂ ಕೇಳುತ್ತಿದ್ದ. ಹಂದಿ ಸಾಕುವವರ ಮನೆಯ ಹುಡುಗ, ಬಾಗಿಲು ತುಂಬುವಂಥ ಆಳು. ಅವನು ಬಂಟ್ ಮಾಡಲು ಬಗ್ಗುವುದೆಂದರೆ ಎತ್ತಿಗೆ ಸೂಜಿಯಲ್ಲಿ ದಾರ ಪೋಣಿಸಲು ಹೇಳಿದ ಹಾಗೆ.

"ಬೀಸಿ ಏನ್ ಪ್ರಯೋಜನ ಮಗಾ? ಹಾರಲ್ಲ. ಬರೆದಿದ್ದಾರೆ," ಅಂತ ಕೋಚ್ ಜೇಬು ತಟ್ಟುತ್ತಿದ್ದ.

"ಚದುರಂಗ ಅಂತೀಯಲ್ಲ," ಅಂದ ಬಾರ್ಟಾ ಒಂದು ದಿನ, "ಚದುರಂಗದಲ್ಲೂ ಅಪ್ಪಿತಪ್ಪಿ ಗೆಲ್ತಾರೆ ಕಣಯ್ಯಾ."

ಮೇ ಮೊದಲ ವಾರ ಪ್ರಿನ್ಸಿಪಾಲ್ ಟ್ರೂಡಿ ಎಂಗೆಲ್ ಕೋಚನ್ನು ಆಫೀಸಿಗೆ ಕರೆಸಿದಳು. ನಗದೆ ಕೆಟ್ಟ ಸುದ್ದಿ ಹೇಳುವುದು ಆಕೆಗೆ ಬಾರದು, ಆದ್ದರಿಂದ ನಗುತ್ತಲೇ ಹೇಳಿದಳು.

"ಸ್ಕೂಲ್ ಮಂಡಳಿಯವ್ರು ತೀರ್ಮಾನ ಮಾಡಿದಾರೆ ಲ್ಯೂಮಿರ್. ಈ ವರ್ಷ ಒಂದಾದ್ರೂ ಪಂದ್ಯ ಗೆಲ್ದೇ ಹೋದ್ರೆ, ಮುಂದಿನ ವರ್ಷದಿಂದ ನಮ್ಮ ತಂಡ ಇರಲ್ಲ. ನಮ್ ಹುಡುಗ್ರು ಆಸ್ಟ್ರಾಂಡರ್ ತಂಡಕ್ಕೆ ಸೇರ್ತಾರೆ."

"ಆಸ್ಟ್ರಾಂಡರ್ ಅಂಗಿ ಹಾಕ್ಕೊಂಡಾ?"

"ನೇರಳೆ ಬಣ್ಣದ್ದು. ಹೂಂ."

ಕೋಚ್ ಕುರ್ಚಿಯಲ್ಲಿ ಕುಸಿದ. ಆಸ್ಟ್ರಾಂಡರ್ ಹನ್ನೊಂದು ಮೈಲಿ ದೂರದ ಊರು. ಅಲ್ಲಿಯವರ ಜೊತೆ ಮದುವೆ ಸಂಬಂಧ ಬೆಳೆಸುತ್ತಾರೆ, ಸತ್ತರೆ ಹೊರಲು ಹೋಗುತ್ತಾರೆ, ಆದರೆ ಅವರ ಬಣ್ಣದ ಅಂಗಿಯನ್ನು ಟೂಲ್ ಕ್ರೀಕಿನವರು ನೆಲ ಒರೆಸಲೂ ಬಳಸುವುದಿಲ್ಲ. ಉಳಿದಿದ್ದು ಒಂದೇ ಪಂದ್ಯ. ಅದೂ ಆಸ್ಟ್ರಾಂಡರ್ ಮೇಲೆಯೇ, ಟೂಲ್ ಕ್ರೀಕಿನ ಮೈದಾನದಲ್ಲೇ.

ಆ ದಿನ ಮಧ್ಯಾಹ್ನ ಪಶ್ಚಿಮದಲ್ಲಿ ಕಪ್ಪು ಮೋಡ ಕಟ್ಟಿತ್ತು. ಅಂಪೈರ್ ಓರ್ವಿಲ್ ಶ್ಮಿಟ್ ತಡವಾಗಿ ಬಂದ. ಹೆಣ ಮಣ್ಣು ಮಾಡಿಸುವುದು ಅವನ ಕಸುಬು, ಅಂದು ಒಂದು ಮುಗಿಸಿ ಕರಿ ಪ್ಯಾಂಟಿನಲ್ಲೇ ಬಂದಿದ್ದ. ಎರಡೂ ತಂಡದ ಬ್ಯಾಟುಗಳನ್ನು ಸಾಲಾಗಿ ಇಡಿಸಿ, ಒಂದೊಂದರ ಮೇಲೂ ಹೊಸ ಕಾಯಿದೆಯ ಒಪ್ಪಿಗೆ ಮುದ್ರೆ ಇದೆಯೇ ನೋಡಿ, ಶವಪೆಟ್ಟಿಗೆಯ ಹಿಡಿ ಪರೀಕ್ಷಿಸುವಷ್ಟೇ ಗಂಭೀರವಾಗಿ ತಲೆಯಾಡಿಸಿದ. ಆಸ್ಟ್ರಾಂಡರ್ ಕೋಚ್ ಕೈಲ್ ಫೆಂಟ್ರೆಸ್, ಮೋಡದಲ್ಲೂ ಕಪ್ಪು ಕನ್ನಡಕ ತೆಗೆಯದವನು, ತನ್ನ ಹುಡುಗರನ್ನೆಲ್ಲ ಮುಂದಕ್ಕೆ ಕರೆದು ನಿಲ್ಲಿಸಿದ. "ಬಂಟ್ ಕಂಪನಿ ಬಂತು ನೋಡ್ರೋ!" ಅಂತ ಅವನು ಅಂದರೆ ಅವನ ಕಡೆಯವರೆಲ್ಲ ನಕ್ಕರು.

ದೇವರ ದಯೆ, ಆಸ್ಟ್ರಾಂಡರ್ ಹುಡುಗರು ನಗುತ್ತಲೇ ಮೂರು ಚೆಂಡು ಕೈಬಿಟ್ಟರು. ಕೊನೆಯ ಸರದಿಗೆ ಬಂದಾಗ ಮೂರು–ಮೂರು, ಸಮ. ಟೂಲ್ ಕ್ರೀಕಿನ ಇಬ್ಬರು ಔಟು. ಇನ್ನೊಬ್ಬ ಔಟಾದರೆ ಆಟ ಮುಂದಕ್ಕೆ ಹೋಗುತ್ತದೆ, ಅಷ್ಟರಲ್ಲಿ ಮಳೆ ಬಂದರೆ ಪಂದ್ಯವೂ ಇಲ್ಲ, ಗೆಲುವೂ ಇಲ್ಲ, ನೇರಳೆ ಅಂಗಿಯೇ ಗತಿ. ಬ್ಯಾಟಿಗೆ ಬಂದವನು ಡ್ವೇನ್. ಹೊಸ ಬ್ಯಾಟು ಅಂಗೈ ಜುಮ್ಮೆನಿಸುತ್ತದೆಂದು ಅವನು ತನ್ನ ಪಿಕಪ್‌ನಿಂದ ಬೇರೊಂದನ್ನು ತಂದಿದ್ದ. ಕೋಚ್ ಅದರ ಕಡೆ ನೋಡಲೇ ಇಲ್ಲ. ಬಂಟ್ ಮಾಡಲು ಯಾವ ಕೋಲಾದರೇನು? ಮೂಗು ಮುಟ್ಟಿ, ಕಿವಿ ಮುಟ್ಟಿ, ಬೆಲ್ಟು ಮುಟ್ಟಿ ಸನ್ನೆ ಮಾಡಿದ: ಬಂಟ್.

ಡ್ವೇನ್ ಸನ್ನೆ ನೋಡಿದ. ಮೂಗಿನ ಹತ್ತಿರ ನಿಂತ ಆಸ್ಟ್ರಾಂಡರ್ ಹುಡುಗನನ್ನು ನೋಡಿದ. ಆಮೇಲೆ ಸನ್ನೆ ನೋಡದವನಂತೆ ಆಕಾಶ ನೋಡಿದ. ಚೆಂಡು ಬಂತು. ಬೀಸಿದ.

ಆ ಶಬ್ದವೇ ಬೇರೆ. ತಗಡಿನ 'ಟಿಂಗ್' ಅಲ್ಲ, ಒಣ ಮರ ಸೀಳಿದ ಹಾಗೆ 'ಠಳ್'! ಎರಡೂವರೆ ತಿಂಗಳಿಂದ ಸೈರನ್ ಗುಂಡಿಯ ಪಕ್ಕ ಕೂತು ಸೊರಗಿದ್ದ ಬಾರ್ಟಾಗೆ ಆ ಸದ್ದು ಸಾಕಾಯಿತು. ಚೆಂಡು ಇನ್ನೂ ಏರುತ್ತಿರುವಾಗಲೇ ಎರಡೂ ಕೈಯಿಂದ ಗುಂಡಿ ಒತ್ತಿದ.

ಹೋಮ್ ರನ್ ಅನ್ನುವುದೊಂದು ಇತ್ತು ಅಂತ ಆ ವರ್ಷ ಯಾರ ತಲೆಯಲ್ಲೂ ಉಳಿದಿರಲಿಲ್ಲ. ಜನ ಕಪ್ಪು ಮೋಡ ನೋಡಿದರು. "ಸುಂಟರಗಾಳಿ!" ಅಂತ ಒಬ್ಬಳು ಕಿರುಚಿದಳು. ಎರಡೂ ಊರಿನವರು ಕೂತಿದ್ದ ಮೆತ್ತೆ, ಹೊದ್ದಿದ್ದ ಕಂಬಳಿ, ತಿನ್ನುತ್ತಿದ್ದ ಹಾಟ್‌ಡಾಗ್ ಸಮೇತ ಸ್ಕೂಲಿನ ನೆಲಮಾಳಿಗೆಗೆ ಓಡಿದರು. ಫೆಂಟ್ರೆಸ್ ಓಡಿದ. ಅವನ ಒಂಬತ್ತೂ ಹುಡುಗರು ಓಡಿದರು. ಸಾವಿಗೆ ಹೆದರದ ಕಸುಬಿನ ಓರ್ವಿಲ್ ಎಲ್ಲರಿಗಿಂತ ಮುಂದಿದ್ದ. ನಮ್ಮ ಕೋಚ್ ಓರ್ವಿಲ್‌ನ ಹಿಂದಿದ್ದ. ಖಾಲಿ ಮೈದಾನದಲ್ಲಿ ಡ್ವೇನ್ ಮ್ರಾಝ್ ಒಬ್ಬನೇ, ಯಾವ ಅವಸರವೂ ಇಲ್ಲದೆ, ನಾಲ್ಕೂ ಬೇಸ್ ಒಂದೊಂದಾಗಿ ತುಳಿದು, ಸುತ್ತು ಮುಗಿಸಿ, ಆಮೇಲೆ ನೆಲಮಾಳಿಗೆಗೆ ಇಳಿದು ಬಂದು ಕೇಳಿದ, "ಎಲ್ರೂ ಎಲ್ಲಿಗ್ ಹೋದ್ರಿ?"

ಅವನ ಹಿಂದೆಯೇ ಬಾರ್ಟಾ ಕುಣಿಯುತ್ತ ಬಂದ. "ಹೋಮ್ ರನ್! ಹೋಮ್ ರನ್ ಕಣ್ರಯ್ಯಾ!"

ಊಟದ ಹಾಲಿನಲ್ಲಿ ಮೇಜಿನ ಕೆಳಗೆ ತಲೆ ಹುದುಗಿಸಿ ಕೂತಿದ್ದ ಇನ್ನೂರು ಜನ ಒಬ್ಬೊಬ್ಬರಾಗಿ ತಲೆ ಎತ್ತಿದರು.

"ಎಲ್ಲಿ ಬಿತ್ತು ಅಂತ ಯಾರು ನೋಡಿದ್ದು?" ಅಂದ ಫೆಂಟ್ರೆಸ್ ಮಂಡಿ ಕೊಡವಿಕೊಂಡು. "ಓರ್ವಿಲ್, ನೀನು ನೋಡಿದ್ಯಾ?"

"ನಾನು ಸಾರ್ವಜನಿಕರ ರಕ್ಷಣೇಲಿದ್ದೆ," ಅಂದ ಓರ್ವಿಲ್.

ಆಗ ಮೆಟ್ಟಿಲ ಮೇಲೆ ಮಿಸೆಸ್ ವೊಂಡ್ರಾ ಕಾಣಿಸಿಕೊಂಡಳು. ಒಂದು ಕೈಯಲ್ಲಿ ಚೆಂಡು, ಇನ್ನೊಂದರಲ್ಲಿ ಬೈಬಲ್. ಕೂದಲಲ್ಲಿ ಜೆರೇನಿಯಂ ಎಸಳು. ಬದುಕಿಡೀ ಗಲಾಟೆ ಅಡಗಿಸಿದವಳು, ಆಕೆ ನಿಂತದ್ದೇ ಇಡೀ ಹಾಲ್ ಕೈಕಟ್ಟಿ ಕೂತಿತು.

"ಇದು ನನ್ ಗಾಜು ಒಡ್ಕೊಂಡು ಸೂಪಿನ ಪಾತ್ರೆಗೆ ಬಿತ್ತು. ಆದರೆ ಲ್ಯೂಮಿರ್ ಪ್ರಕಾರ ಬಿದ್ದಿಲ್ಲ. ಬರೆದುಕೊಟ್ಟಿದಾನೆ." ಬೈಬಲ್ಲಿನಿಂದ ಹಳದಿ ಕಾಗದ ತೆಗೆದು ಗಟ್ಟಿಯಾಗಿ ಓದಿದಳು.

ಫೆಂಟ್ರೆಸ್‌ನ ಮುಖ ಹೊಳೆಯಿತು. "ಕೇಳಿಸ್ತಾ ಓರ್ವಿಲ್? ಕಾನೂನುಬದ್ಧ ಬ್ಯಾಟಿಂದ ಸಾಧ್ಯವೇ ಇಲ್ಲ ಅಂತ ಅವರ ಕೋಚೇ ಸಹಿ ಹಾಕಿದಾನೆ. ಚೆಂಡು ಹೋಗಿದೆ ಅಂದ್ಮೇಲೆ ಬ್ಯಾಟು ಕಳ್ಳ ಬ್ಯಾಟೇ! ತೋರಿಸ್ರೋ ಅದನ್ನ."

ಡ್ವೇನ್ ತೋರಿಸಿದ. ಕಪ್ಪಾದ ಹಳೇ ಮರದ ಬ್ಯಾಟು. "ನಮ್ ತಾತಂದು. ಕೋಳಿಗೂಡಿನ ಬಾಗಿಲಿಗೆ ಆನಿಸಿಟ್ಟಿದ್ವಿ."

ಓರ್ವಿಲ್ ತಿರುಗಿಸಿ ತಿರುಗಿಸಿ ನೋಡಿದ. ಮುದ್ರೆ ಇಲ್ಲ. ಕೋಳಿಯ ಗುರುತಿತ್ತು.

"ಮುದ್ರೆ ಇಲ್ಲ ಅಂದ್ರೆ ಔಟು!" ಅಂದ ಫೆಂಟ್ರೆಸ್.

"ಮರದ್ದಕ್ಕೂ ಮುದ್ರೆ ಬೇಕಾ ಅಂತ..." ಓರ್ವಿಲ್ ಗಲ್ಲ ಕೆರೆದುಕೊಂಡ. "ನಂಗೆ ಸರಿಯಾಗಿ ನೆನಪಿಲ್ಲ. ಈ ಕಡೆ ಮರದ ಬ್ಯಾಟು ನೋಡಿ ಮೂವತ್ತು ವರ್ಷ ಆಯ್ತು. ಕಾಯಿದೆ ಪುಸ್ತಕ ಶವದ ಗಾಡೀಲಿದೆ, ಗಾಡಿ ಓಮಾಹಾಗೆ ಹೋಗಿದೆ." ಆಮೇಲೆ ಅವನ ಮುಖ ಅರಳಿತು. "ಅಯ್ಯೋ, ಲ್ಯೂಮಿರ್ ಹತ್ರ ಇದೆಯಲ್ಲಾ! ಇಡೀ ವರ್ಷ ಜೇಬಲ್ಲಿಟ್ಕೊಂಡು ಓಡಾಡಿದಾನೆ. ಓದಪ್ಪಾ ಲ್ಯೂಮಿರ್. ಅದರಲ್ಲಿ ಹೆಂಗಿದೆಯೋ ಹಂಗೆ."

ಇನ್ನೂರು ಜನ ಕೋಚನ ಹಿಂದಿನ ಜೇಬು ನೋಡಿದರು. ಆರು ತಿಂಗಳಲ್ಲಿ ಮೊದಲ ಸಲ ಅವನು ಕಾಗದ ಹೊರತೆಗೆದು ಬಿಡಿಸಿದ. ನೋಡಿದ. ಮಡಿಸಿದ.

"ಏನಂತೆ?"

"ಅಕ್ಷರ ಮಾಸಿದೆ."

"ಗಟ್ಟಿಯಾಗಿ ಓದು ಲ್ಯೂಮಿರ್," ಅಂದಳು ಮಿಸೆಸ್ ವೊಂಡ್ರಾ. "ನೆಟ್ಟಗೆ ನಿಂತ್ಕೋ. ಕೈ ಜೇಬಿಂದ ತೆಗೆ."

ಐವತ್ತೊಂದು ವರ್ಷದ ಕುಬಿಚೆಕ್ ನೆಟ್ಟಗೆ ನಿಂತ. ಎದುರಿಗೆ ಅವನ ಹುಡುಗರು. ಡ್ವೇನ್ ಬ್ಯಾಟನ್ನು ಮಗುವಿನಂತೆ ಅಪ್ಪಿಕೊಂಡು ಅವನ ಬಾಯನ್ನೇ ನೋಡುತ್ತಿದ್ದ. ಕಾಯಿದೆಯಲ್ಲಿ ಹೀಗಿದೆ ಅಂತ ಏನಾದರೂ ಹೊಸೆಯಬಹುದಿತ್ತು, ಹೊಸೆಯಲು ಕಾಯಿದೆಯಲ್ಲಿ ಏನಿರಬಹುದು ಅನ್ನುವ ಅಂದಾಜೂ ಇರಲಿಲ್ಲ. ಹೆಚ್ಚು ಓದಿದವನಾಗಿದ್ದರೆ ಸುಳ್ಳು ಹೇಳುತ್ತಿದ್ದನೋ ಏನೋ.

"ಸೋಮವಾರ," ಅಂತ ಓದಿದ, "ಮೀನಿನ ತುಂಡು, ಬಟಾಣಿ. ಮಂಗಳವಾರ, ಕೋಳಿ, ನೂಡಲ್ಸ್. ಬುಧವಾರ, ಮಾಂಸದ ಬನ್. ಗುರುವಾರ..." ಕಾಗದದ ಹಿಂಬದಿ ತಿರುಗಿಸಿ ನೋಡಿದ, ಖಾಲಿ. "ಗುರುವಾರ, ಚಿಲ್ಲಿ. ದಾಲ್ಚಿನ್ನಿ ರೋಲ್."

ಬಾರ್ಟಾ ಬೆರಳು ಮಡಿಸಿ ಲೆಕ್ಕ ಹಾಕಿದ.

"ಹದಿನೈದು ಪಂದ್ಯ," ಅಂದ ಬಾರ್ಟಾ ಕೊನೆಗೆ, ಮೆಲ್ಲಗೆ. "ಹದಿನೈದು ಪಂದ್ಯ ನಾವು ಮೀನು, ಬಟಾಣಿ ನೋಡ್ಕೊಂಡು ಆಡಿದ್ವಾ?"

"ನಾನು ಓದ್ಲಿಲ್ಲ," ಅಂದ ಕೋಚ್. "ಓದ್ಲೇ ಇಲ್ಲ. ಓದಿದೀನಿ ಅಂದೆ. ಅಷ್ಟೇ." ಆಮೇಲೆ ಡ್ವೇನ್ ಕಡೆ ತಿರುಗಿ, "ನೀನು ಬೀಸಿದ್ದೇ ಸರಿ ಮಗಾ," ಅಂದ.

ಆಗ ಅಡುಗೆಕಟ್ಟೆಯ ಹಿಂದಿನಿಂದ ಡೊಲೊರಿಸ್ ಕೈಯೊರೆಸಿಕೊಂಡು ಬಂದಳು. ಯಾರ ಕಡೆಯೂ ನೋಡದೆ ಗೋಡೆಯ ಬಳಿ ಹೋಗಿ, ಮೊಳೆಯಲ್ಲಿ ನೇತಾಡುತ್ತಿದ್ದ ಹಳದಿ ಕಾಗದ ಕಿತ್ತು ಓರ್ವಿಲ್ ಕೈಗೆ ಕೊಟ್ಟಳು.

"ನವೆಂಬರಿಂದ ಇಲ್ಲೇ ಇದೆ. ದಿನಾ ಇದರ ಮುಂದೆ ತಟ್ಟೆ ಹಿಡ್ಕೊಂಡು ಸಾಲು ನಿಲ್ತೀರಿ, ಒಬ್ರಾದ್ರೂ ಓದಿದೀರಾ? ಎರಡನೇ ಸಾಲು ನೋಡು ಓರ್ವಿಲ್. ಲೋಹದ ಬ್ಯಾಟಿಗೆ ಮುದ್ರೆ ಬೇಕು. ಒಂದೇ ತುಂಡು ಮರದ್ದಾದ್ರೆ ಬೇಡ. ಹೊಸ ಲೋಹದ್ದು ಮರದ ಹಂಗೆ ಹೊಡೀಬೇಕು ಅನ್ನೋದೇ ಕಾಯಿದೆ. ಮರದಲ್ಲಿ ಚೆಂಡು ಹಾರಲ್ಲ ಅಂತ ಯಾರಂದ್ರು? ಸರಿಯಾಗಿ ಹೊಡೆದ್ರೆ ಹಾರತ್ತೆ. ಹೊಡೀಬೇಕು ಅಷ್ಟೇ."

ಓರ್ವಿಲ್ ಎರಡು ಸಲ ಓದಿದ. "ಮಿಸೆಸ್ ವೊಂಡ್ರಾ, ನಿಮ್ಮ ಅಡುಗೆಮನೆ ಮೈದಾನದ ಫೌಲ್ ಗೆರೆಯ ಒಳಗೆ ಬರುತ್ತಾ? ಹೊರಗಾದ್ರೆ ಹೊಡೆತ ಲೆಕ್ಕಕ್ಕಿಲ್ಲ."

"ಮೂವತ್ತು ವರ್ಷದಿಂದ ಬರ್ತಿದೆ," ಅಂದಳು ಮುದುಕಿ. "ಬೇಕಾದ್ರೆ ಸೂಪ್ ಕೇಳಿ."

"ಹೋಮ್ ರನ್. ಟೂಲ್ ಕ್ರೀಕ್ ನಾಲ್ಕು, ಆಸ್ಟ್ರಾಂಡರ್ ಮೂರು," ಅಂದ ಓರ್ವಿಲ್, ಹೆಣದ ಮುಂದೆ ನಿಂತಷ್ಟೇ ವಿನಯದಿಂದ. ಫೆಂಟ್ರೆಸ್ ಅಂದು ಮೊದಲ ಸಲ ಕಪ್ಪು ಕನ್ನಡಕ ತೆಗೆದ. ಬಾರ್ಟಾ ಮತ್ತೆ ಸೈರನ್ ಒತ್ತಲು ಓಡಿದ, ನಾಲ್ಕು ಜನ ಹಿಡಿದು ಕೂರಿಸಿದರು.

ಒಂದು ವಾರದ ಮೇಲೆ ಅದೇ ಹಾಲಿನಲ್ಲಿ ವರ್ಷಾಂತ್ಯದ ಊಟ. ಸೋತದ್ದು ಹದಿನೈದು, ಗೆದ್ದದ್ದು ಒಂದು, ಆದರೂ ಊರಿನವರು ಚಾಂಪಿಯನ್ನರಂತೆ ಕೂತಿದ್ದರು. ಚಿಲ್ಲಿ, ದಾಲ್ಚಿನ್ನಿ ರೋಲ್. ಪ್ರಿನ್ಸಿಪಾಲ್ ಎಂಗೆಲ್ ನಗುನಗುತ್ತ ಎದ್ದು ಬಂದು ಕೋಚ್ ಕೈಗೆ ಒಂದು ಹಳದಿ ಕಾಗದ ಕೊಟ್ಟಳು. "ಮಂಡಳಿಯ ತೀರ್ಮಾನ ಲ್ಯೂಮಿರ್. ಮುಂದಿನ ವರ್ಷದ್ದು."

ಚಪ್ಪಾಳೆಯೋ ಚಪ್ಪಾಳೆ. ಕೋಚನ ಕಣ್ಣು ತುಂಬಿತು. ಕಾಗದವನ್ನು ಮೂರು ಮಡಿಕೆ ಮಾಡಿ, ಹಿಂದಿನ ಜೇಬಿಗಿಟ್ಟು, ಹತ್ತು ನಿಮಿಷ ಭಾಷಣ ಮಾಡಿದ. ತಾನು ಪಾಠ ಕಲಿತೆ ಅಂದ. ಇನ್ನು ಮುಂದೆ ಒಂದಕ್ಷರವನ್ನೂ ಓದದೆ ಬಿಡುವುದಿಲ್ಲ ಅಂದ. "ಮಂಡಳಿ ನನ್ನ ಮೇಲಿಟ್ಟ ನಂಬಿಕೆ ಎಲ್ಲಾ ಇದರಲ್ಲೇ ಇದೆ," ಅಂತ ಜೇಬು ತಟ್ಟಿದ. ಪ್ರಿನ್ಸಿಪಾಲ್ ಇನ್ನೂ ಜೋರಾಗಿ ನಗತೊಡಗಿದಳು.

ಅದರ ಇನ್ನೊಂದು ಪ್ರತಿ ಡೊಲೊರಿಸ್‌ಗೂ ಬಂದಿತ್ತು. ಅವಳು ಎರಡೂ ಕಡೆ ಓದಿ, 'ಕೆಲಸ ಒಪ್ಪಿದ್ದೇನೆ' ಅಂತ ಸಹಿ ಹಾಕಿ, ವಾಪಸ್ಸು ಕೊಟ್ಟೂ ಆಗಿತ್ತು. ಊಟ ಮುಗಿದು ಪಾತ್ರೆ ಎತ್ತಿಡುವಾಗ ಗಂಡನಿಗೆ ಹೇಳಿದಳು, "ಲ್ಯೂಮಿರ್, ಮಾರ್ಚ್ ಒಂದನೇ ತಾರೀಕು ಪ್ರಾಕ್ಟೀಸಿಗೆ ಬೇಗ ಬಾ. ಬ್ಯಾಟಿನ ಚೀಲ ಹೊರೋಕೆ ಒಬ್ರು ಬೇಕು."

ಕೋಚ್ ನಕ್ಕ. "ಅಡುಗೆಯವ್ಳು ಪ್ರಾಕ್ಟೀಸಿಗೆ ಕರೀತಾಳೆ ನೋಡು! ಯಾರು ಹೇಳಿದ್ದೇ ನಿಂಗೆ?"

ಡೊಲೊರಿಸ್ ಉಳಿದಿದ್ದ ಒಂದೇ ಒಂದು ರೋಲನ್ನು ತನ್ನ ತಟ್ಟೆಗೆ ಹಾಕಿಕೊಂಡಳು.

"ಜೇಬಲ್ಲಿದೆ ಕಣೋ."